ಆದಾಯ ಇಳಿದರೆ ಕಂಪನಿ ಮುಳುಗಿತಾ?

ಪ್ರಶ್ನೆ: ಪೆಲೋಟಾನ್ ಕಂಪನಿಯ ಆದಾಯ ವರ್ಷವರ್ಷ ಇಳಿಯುತ್ತಿದೆ. ಇನ್ನು ಮುಗೀತು ಅಂತಲೇ ಅರ್ಥವಾ?

ಉತ್ತರ: ಅಷ್ಟು ಬೇಗ ಹಾಗನ್ನಬೇಡಿ. ಮನೆಯಲ್ಲೇ ಬಳಸುವ ವ್ಯಾಯಾಮ ಯಂತ್ರ ಮಾರುವ ಅಮೆರಿಕದ ಈ ಕಂಪನಿಯ ಲೆಕ್ಕದ ವರ್ಷ ಜೂನ್‌ಗೆ ಮುಗಿಯುತ್ತದೆ. 2021ರಲ್ಲಿ ಆದಾಯ ಸುಮಾರು 400 ಕೋಟಿ ಡಾಲರ್. ಕೋವಿಡ್ ಕಾಲ, ಜಿಮ್‌ಗಳಿಗೆ ಬೀಗ, ಮನೆಗೇ ವ್ಯಾಯಾಮದ ಸೈಕಲ್ ಬೇಕಿತ್ತು. 2024ಕ್ಕೆ ಅದು 270 ಕೋಟಿ.

ವರದಿ ಕೈಗೆ ಬಂದರೆ ನಾನು ಒಟ್ಟು ಮೊತ್ತ ಬಿಟ್ಟು ಎರಡು ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ: ಯಂತ್ರ ಮಾರಿದ ಹಣ, ಆನ್‌ಲೈನ್ ವ್ಯಾಯಾಮ ತರಗತಿಗಳಿಗೆ ಬರುವ ಚಂದಾ ಹಣ. 2021ರಲ್ಲಿ ಯಂತ್ರದ್ದೇ 300 ಕೋಟಿಗೂ ಜಾಸ್ತಿ. 2024ರಲ್ಲಿ ಅದು ಸುಮಾರು 100 ಕೋಟಿ, ಚಂದಾ 170 ಕೋಟಿ. ಸೈಕಲ್ ಒಮ್ಮೆ ಮಾರಿದರೆ ಮುಗೀತು. ಚಂದಾ ತಿಂಗಳು ತಿಂಗಳು ಬರುತ್ತದೆ, ಅಲ್ವಾ? ಲಾಭವೂ ಅದರಲ್ಲೇ ಜಾಸ್ತಿ.

ನನ್ನ ಚಿಂತೆ ಬೇರೆ. ಸೈಕಲ್ ಹೋಗದಿದ್ದರೆ ಹೊಸ ಚಂದಾದಾರರು ಎಲ್ಲಿಂದ ಬರಬೇಕು? ಮುಂದಿನ ವರದಿಯಲ್ಲಿ ಅವರ ಸಂಖ್ಯೆಯನ್ನೇ ಮೊದಲು ನೋಡಿ.