ಹಾಲುವಾಣದ ಚಿಗುರು ಗಂಟುಕಟ್ಟಿದರೆ

ಪ್ರಶ್ನೆ: ಸೋಮವಾರಪೇಟೆಯ ಬಳಿ ನಮಗೆ ನಾಲ್ಕು ಎಕರೆ ಅರೇಬಿಕಾ ತೋಟವಿದ್ದು, ಕೆಳನೆರಳಿಗೆ ಬೆಳೆಸಿದ ಹಾಲುವಾಣದ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಎರಡು ವರ್ಷಗಳಿಂದ ಈ ಮರಗಳ ಚಿಗುರು ಗಂಟುಗಂಟಾಗಿ ಮುದುಡುತ್ತಿದೆ, ಕೆಲವು ಮರಗಳು ಒಣಗಿಯೂ ಹೋಗಿವೆ. ಬುಡಕ್ಕೆ ಔಷಧ ಸುರಿಯಿರಿ ಎಂದು ಒಬ್ಬರು, ಎಲ್ಲವನ್ನೂ ಕಡಿದು ಸಿಲ್ವರ್ ಓಕ್ ನೆಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡನ್ನೂ ಮಾಡಬೇಡಿ. ನೀವು ಬರೆದಿರುವ ಲಕ್ಷಣಗಳು ಹಾಲುವಾಣದ ಗಂಟು ಕಣಜದವು. ಆಫ್ರಿಕಾ ಮೂಲದ್ದೆನ್ನಲಾದ ಈ ಕೀಟಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದೇ 2004ರಲ್ಲಿ. ಅದಾದ ಸ್ವಲ್ಪ ಕಾಲದಲ್ಲೇ ಅದು ಕೇರಳದಲ್ಲಿ ಕಾಣಿಸಿಕೊಂಡಿತು. ಒಂದೂವರೆ ಮಿಲಿಮೀಟರ್ ಉದ್ದದ ಹೆಣ್ಣು ಕಣಜವು ಎಳೆ ಎಲೆ, ತೊಟ್ಟು ಮತ್ತು ಚಿಗುರುಗಳ ಒಳಗೆ ಮೊಟ್ಟೆಯಿಡುತ್ತದೆ, ಮರಿ ಬೆಳೆದಂತೆ ಅದರ ಸುತ್ತಲಿನ ಭಾಗ ಊದಿ ಗಂಟಾಗುತ್ತದೆ. ಸುಮಾರು ಇಪ್ಪತ್ತು ದಿನಗಳಲ್ಲಿ ಒಂದು ತಲೆಮಾರು ಮುಗಿಯುವುದರಿಂದ, ಮತ್ತೆ ಮತ್ತೆ ಎಲೆ ಕಳೆದುಕೊಂಡ ಮರ ಸೊರಗಿ ಸಾಯುತ್ತದೆ. ಪದೇ ಪದೇ ಮರಗಸಿ ಮಾಡಿದರೆ, ಅಂದರೆ ನೆರಳಿನ ಮರಗಳ ರೆಂಬೆ ಸವರಿದರೆ, ಕಣಜ ಕಾಯುತ್ತಿರುವ ಎಳೆ ಚಿಗುರನ್ನು ನಾವೇ ಒದಗಿಸಿದಂತಾಗುತ್ತದೆ ಎಂಬುದನ್ನು ನೆನಪಿಡಿ.

ಹವಾಯಿಯಲ್ಲಿ ಆಯ್ದ ಮರಗಳಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟು ಉಳಿಸಿಕೊಂಡದ್ದುಂಟು, ಆದರೆ ಆ ಮರಗಳ ಮೇಲೆ ಮೆಣಸಿನ ಬಳ್ಳಿಯಿರಲಿಲ್ಲ, ಬುಡದಲ್ಲಿ ಕಾಫಿಯೂ ಇರಲಿಲ್ಲ. ನೀವು ಬುಡಕ್ಕೆ ಸುರಿದದ್ದನ್ನು ಮೆಣಸಿನ ಬೇರೂ ಕಾಫಿಯ ಬೇರೂ ಹೀರಿಕೊಳ್ಳುತ್ತವೆ. ಜೇನುನೊಣಗಳಿಗೆ ಈ ಔಷಧ ವಿಷ. ಜೇನಿಗೆ ಹೆಸರಾದ ಕೊಡಗಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬೇಸರ. ಹವಾಯಿಯವರಿಗೆ ಕೊನೆಗೆ ನೆರವಾದದ್ದು ಪೂರ್ವ ಆಫ್ರಿಕಾದಿಂದ ತರಿಸಿ, ಪರೀಕ್ಷಿಸಿ, 2008ರಲ್ಲಿ ಬಿಟ್ಟ ಮತ್ತೊಂದು ಪುಟ್ಟ ಕಣಜ. ಅದರ ಮರಿಗಳು ಗಂಟಿನೊಳಗಿನ ಮರಿಗಳನ್ನೇ ತಿನ್ನುತ್ತವೆ. ಅಂಥ ಕೆಲಸ ಸರ್ಕಾರ ಮತ್ತು ಸಂಶೋಧಕರದ್ದೇ ಹೊರತು ಬೆಳೆಗಾರರದ್ದಲ್ಲ.

ಎಲ್ಲವನ್ನೂ ಒಮ್ಮೆಲೇ ಕಡಿಯುವುದು ಇನ್ನೂ ಅಪಾಯಕಾರಿ. ನೆರಳು ಹೋಗಿ ಬಿಸಿಲು ನೇರವಾಗಿ ಬೀಳುವ ಅರೇಬಿಕಾ ಗಿಡದ ಕಾಂಡವೇ ಬಿಳಿ ಕಾಂಡಕೊರಕವೆಂಬ ಕಾಫಿಯ ಕೀಟ ಮೊಟ್ಟೆಯಿಡಲು ಹುಡುಕುವ ಜಾಗ, ಮತ್ತು ಅದರ ಹಾರಾಟ ಏಪ್ರಿಲ್-ಮೇ ತಿಂಗಳುಗಳಲ್ಲಿ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರಾಗಿರುತ್ತದೆ. ಗಂಟು ಕಣಜ ತೊಲಗಿಸಲು ಹೋಗಿ ಕಾಫಿ ಕಳೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಸದ್ಯಕ್ಕೆ, ತೂತಿಲ್ಲದ ಗಂಟುಗಳಿರುವ ರೆಂಬೆಗಳನ್ನು ಕತ್ತರಿಸಿ ಅಂದೇ ಅಲ್ಲೇ ಸುಡಿ. ತೂತು ಬಿದ್ದ ಗಂಟಿನಿಂದ ಕಣಜ ಆಗಲೇ ಹೊರಬಿದ್ದಿರುತ್ತದೆ. ಪೂರ್ತಿ ಒಣಗಿದ ಮರಗಳನ್ನು ಮಾತ್ರ ತೆಗೆದು, ಆ ಜಾಗಗಳಲ್ಲಿ ಮುಂಗಾರಿನ ಆರಂಭದಲ್ಲಿ ಅತ್ತಿ, ಹಲಸು ಮುಂತಾದ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡಿ. ಸಿಲ್ವರ್ ಓಕ್ ಇರಲಿ, ಆದರೆ ಅದೊಂದೇ ಬೇಡ; ಹಾಲುವಾಣದಂತೆ ಅದು ಮಣ್ಣಿಗೆ ಸಾರಜನಕ ಕೊಡುವುದಿಲ್ಲ. ಗಂಟಿರುವ ಒಂದು ರೆಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ತೋರಿಸಿ. ನೆರೆಯವರು ನೆಡಲು ಹಾಲುವಾಣದ ಗೂಟ ಕೇಳಿದರೆ ಈ ವರ್ಷ ಕೊಡಬೇಡಿ.