ಹಾಲ್ ಲೈಟ್ ವಾರಕ್ಕೆ ಒಂದೋ ಎರಡೋ ಸಲ ಅಪರಾತ್ರಿ ತಾನಾಗಿಯೇ ಹತ್ತಿಕೊಳ್ಳುತ್ತೆ, ಹತ್ತಿಸಿದ್ದು ಯಾವುದು ಅಂತ ಹೋಮ್ ಅಸಿಸ್ಟೆಂಟ್‌ನಲ್ಲಿ (ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸೋ ಸಾಫ್ಟ್‌ವೇರ್) ಹುಡುಕೋದು ಹೇಗೆ?

ಆಟೋಮೇಶನ್‌ಗಳನ್ನು ('ಹೀಗಾದರೆ ಹಾಗೆ ಮಾಡು' ಅಂತ ಬರೆದಿಟ್ಟ ನಿಯಮಗಳು) ಒಂದೊಂದಾಗಿ ಆಫ್ ಮಾಡಿ ನೋಡೋಕೆ ಮಾತ್ರ ಹೋಗಬೇಡಿ. ವಾರಕ್ಕೆ ಒಂದೋ ಎರಡೋ ಸಲ, ಅದೂ ಅಪರಾತ್ರಿ ಹತ್ತುತ್ತೆ ಅಂದಿದ್ದೀರಿ. ಹಾಗೆ ಹುಡುಕಿದರೆ ದೀಪಾವಳಿ ಬಂದರೂ ಮುಗಿಯಲ್ಲ.

ಲಾಗ್‌ಬುಕ್‌ನಲ್ಲಿ (ಹೊಸ ಆವೃತ್ತಿಗಳಲ್ಲಿ ಇದರ ಹೆಸರು 'ಆ್ಯಕ್ಟಿವಿಟಿ') ಆ ಲೈಟ್ ಒಂದನ್ನೇ ಆರಿಸಿ, ಹತ್ತಿದ ಹೊತ್ತಿನ ಸಾಲು ನೋಡಿ. ಆಟೋಮೇಶನ್ ಹತ್ತಿಸಿದ್ದರೆ ಅದರ ಹೆಸರು ಅಲ್ಲೇ ಇರುತ್ತೆ. ಮನೆಯವರು ಆ್ಯಪ್‌ನಿಂದ ಒತ್ತಿದ್ದರೆ ಅವರ ಹೆಸರು. ಬೇಗ ನೋಡಿ, ಸೆಟಿಂಗ್ ಬದಲಿಸಿಲ್ಲ ಅಂದ್ರೆ ಹಳೇ ದಾಖಲೆ 10 ದಿನ ಮಾತ್ರ ಉಳಿಯುತ್ತೆ.

ಆಟೋಮೇಶನ್ ಹೆಸರು ಸಿಕ್ಕರೆ ಕೆಲಸ ಸುಲಭ. ಅದರ ಟ್ರೇಸ್ (ಅದು ಓಡಿದ ಪ್ರತಿ ಹೆಜ್ಜೆಯ ದಾಖಲೆ) ತೆಗೆದರೆ ಯಾವ ಟ್ರಿಗರ್‌ನಿಂದ ಶುರುವಾಯ್ತು, ಯಾವ ಕಂಡೀಶನ್ ದಾಟಿ ಬಂತು ಎಲ್ಲ ಕಾಣುತ್ತೆ. ಆದರೆ ಒಂದು ಆಟೋಮೇಶನ್‌ಗೆ ಕೊನೆಯ 5 ಟ್ರೇಸ್ ಮಾತ್ರ ಇಟ್ಟುಕೊಳ್ಳುತ್ತೆ. ಮೋಶನ್ ಸೆನ್ಸರ್‌ದಾದರೆ ನೀವು ಎದ್ದು ಚಹಾ ಕುಡಿಯೋ ಹೊತ್ತಿಗೆ ರಾತ್ರಿಯದ್ದು ಅಳಿಸಿಹೋಗಿರುತ್ತೆ. ಸ್ಟೋರ್ಡ್ ಟ್ರೇಸಸ್ ಅನ್ನೋ ಸಂಖ್ಯೆಯನ್ನು ಇವತ್ತೇ 30ಕ್ಕೆ ಏರಿಸಿ.

ತಲೆನೋವು ಶುರುವಾಗೋದು ಯಾರ ಹೆಸರೂ ಇಲ್ಲದೆ ಸುಮ್ನೆ 'ಆನ್ ಆಯ್ತು' ಅಂತ ಇದ್ದಾಗ. ನಿಮ್ಮದು ಇದೇ ಇರಬೇಕು ಅನಿಸುತ್ತೆ. ಡೆವಲಪರ್ ಟೂಲ್ಸ್‌ನಲ್ಲಿ ಸ್ಟೇಟ್ ಚೇಂಜ್ಡ್ ಈವೆಂಟ್ (ಸ್ಥಿತಿ ಬದಲಾದ ಸೂಚನೆ) ಕೇಳಿಸಿಕೊಂಡರೆ ಪ್ರತಿ ಬದಲಾವಣೆ ಜೊತೆ ಕಾಂಟೆಕ್ಸ್ಟ್ (ಬದಲಾವಣೆ ಎಲ್ಲಿಂದ ಬಂತು ಅನ್ನೋ ಗುರುತು) ಬರುತ್ತೆ. ಅದರಲ್ಲಿ ಯೂಸರ್ ಐಡಿ ಇದ್ದರೆ ಸಾಮಾನ್ಯವಾಗಿ ಯಾರೋ ಒತ್ತಿದ್ದು, ಪೇರೆಂಟ್ ಐಡಿ (ಇದಕ್ಕೆ ಕಾರಣವಾದ ಹಿಂದಿನ ಘಟನೆಯ ಗುರುತು) ಇದ್ದರೆ ಆಟೋಮೇಶನ್, ಎರಡೂ ಖಾಲಿ ಇದ್ದರೆ ಲೈಟೇ 'ನಾನು ಹತ್ತಿದ್ದೀನಿ' ಅಂತ ಹೇಳಿದ್ದು ಅಂತ ಎಲ್ಲರೂ ಹೇಳಿಕೊಡ್ತಾರೆ. ಪೂರ್ತಿ ನಿಜ ಅಲ್ಲ. ಗಡಿಯಾರ ನೋಡಿ ಓಡೋ ಆಟೋಮೇಶನ್‌ನಲ್ಲೂ ಪೇರೆಂಟ್ ಐಡಿ ಖಾಲಿ ಇರಬಹುದು, ಹಾಗಾಗಿ ಕಾಂಟೆಕ್ಸ್ಟ್ ಐಡಿಯನ್ನು ಟ್ರೇಸ್‌ನಲ್ಲಿರೋದರ ಜೊತೆ ಹೋಲಿಸಿ ನೋಡಿ.

ಅಲ್ಲೂ ಏನೂ ಸಿಗದಿದ್ದರೆ ನನ್ನ ಮೊದಲ ಅನುಮಾನ ಕರೆಂಟ್ ಮೇಲೆ. ನಾನಿರೋದು ಪುಣೆಯ ವಾಕಡ್‌ನಲ್ಲಿ. ಮಳೆಗಾಲದ ರಾತ್ರಿ ಕರೆಂಟ್ ಹೋಗುತ್ತೆ, ಸೊಸೈಟಿ ಜನರೇಟರ್ ಶುರುವಾಗೋಕೆ ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಬಲ್ಬ್ ಒಮ್ಮೆ ಸತ್ತು ಹುಟ್ಟಿರುತ್ತೆ. ಬಹಳಷ್ಟು ಸ್ಮಾರ್ಟ್ ಬಲ್ಬ್‌ಗಳು ಕರೆಂಟ್ ವಾಪಸ್ ಬಂದ ಕೂಡಲೇ ಹತ್ತಿಕೊಳ್ಳೋ ಹಾಗೆ ಕಂಪನಿಯಿಂದಲೇ ಸೆಟ್ ಆಗಿ ಬರುತ್ತವೆ. ರೂಟರ್, ಹಬ್ ಎರಡೂ ಇನ್ವರ್ಟರ್ ಮೇಲೆ ಇರೋದರಿಂದ ಕರೆಂಟ್ ಹೋದ ಸುಳಿವೇ ನಿಮಗೆ ಇರಲ್ಲ. ಪಕ್ಕದ ಮನೆ ಅಜ್ಜಿ ಇದನ್ನು ದೆವ್ವದ ಕಾಟ ಅಂತಾರೆ, ಲಾಗ್‌ಬುಕ್ ನೋಡಿದರೆ ಅವರ ಮಾತೇ ಸರಿ ಅನ್ನೋ ಹಾಗಿರುತ್ತೆ.

ಲಾಗ್‌ನಲ್ಲಿ 'ಅನ್‌ಅವೈಲಬಲ್' (ಸಾಧನ ಸಂಪರ್ಕಕ್ಕೆ ಸಿಗುತ್ತಿಲ್ಲ) ಅಂತ ಬಂದಿಲ್ಲ, ಹಾಗಾದ್ರೆ ಕರೆಂಟ್ ಹೋಗಿರಲಿಲ್ಲ ಅಂತ ತೀರ್ಮಾನ ಮಾಡಬೇಡಿ. ಜಿಗ್‌ಬೀ (ವೈಫೈ ಬದಲು ಹಬ್ ಮೂಲಕ ಮಾತಾಡೋ ವೈರ್‌ಲೆಸ್ ಪದ್ಧತಿ) ಬಲ್ಬ್ ಕೆಲವು ಸೆಕೆಂಡ್ ಸತ್ತರೆ ಹಬ್ ಅದನ್ನು ಸಾಮಾನ್ಯವಾಗಿ ಅನ್‌ಅವೈಲಬಲ್ ಅಂತ ಗುರುತಿಸಲ್ಲ. ಜಿಗ್‌ಬೀ ಸಾಧನಗಳನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸೋ ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ಸಾಧನ ಸಂಪರ್ಕದಲ್ಲಿದೆಯಾ ಅನ್ನೋ ತಪಾಸಣೆಯನ್ನು ನಾವೇ ಆನ್ ಮಾಡಬೇಕು, ಮಾಡಿದ ಮೇಲೂ ಕರೆಂಟ್‌ನಲ್ಲಿ ಓಡೋ ಸಾಧನಕ್ಕೆ 10 ನಿಮಿಷ ಕಾಯುತ್ತೆ. ಇದಕ್ಕೆ ಅಗ್ಗದ ಸಾಕ್ಷಿ ಬೇಕಾದರೆ ಇನ್ವರ್ಟರ್ ಇಲ್ಲದ ಸಾಕೆಟ್‌ಗೆ ಇಎಸ್‌ಪಿಹೋಮ್ (ಹೋಮ್ ಅಸಿಸ್ಟೆಂಟ್‌ಗೆ ಸೇರೋ ಸಾಫ್ಟ್‌ವೇರ್) ಹಾಕಿದ ಒಂದು ಪುಟ್ಟ ಬೋರ್ಡ್ ಸಿಕ್ಕಿಸಿ, ಅದರಲ್ಲಿ ಅಪ್‌ಟೈಮ್ ಸೆನ್ಸರ್ (ಬೋರ್ಡ್ ಎಷ್ಟು ಹೊತ್ತಿನಿಂದ ಓಡ್ತಿದೆ ಅಂತ ತೋರಿಸೋದು) ಸೇರಿಸಿ. ಲೈಟ್ ಹತ್ತಿದ ಹೊತ್ತಿಗೇ ಅಪ್‌ಟೈಮ್ ಸೊನ್ನೆಗೆ ಇಳಿದಿದ್ದರೆ ಕಳ್ಳ ಸಿಕ್ಕ ಹಾಗೇ. ಆಗ ಬಲ್ಬ್‌ನ ಪವರ್ ಆನ್ ಬಿಹೇವಿಯರ್ ಅನ್ನು 'ಪ್ರೀವಿಯಸ್' (ಕರೆಂಟ್ ಹೋಗೋ ಮುಂಚೆ ಇದ್ದ ಸ್ಥಿತಿ) ಮಾಡಿ, ಎಲ್ಲ ಬಲ್ಬ್‌ಗಳಲ್ಲಿ ಈ ಆಯ್ಕೆ ಇರಲ್ಲ. ಇದೇ ಕಾರಣಕ್ಕೆ ಆಟೋಮೇಶನ್ ಟ್ರಿಗರ್‌ಗಳಲ್ಲೂ 'ಆನ್ ಆದಾಗ' ಅಂತಷ್ಟೇ ಬರೆಯದೆ 'ಆಫ್‌ನಿಂದ ಆನ್ ಆದಾಗ' ಅಂತ ಬರೆಯಿರಿ, ಇಲ್ಲಾಂದ್ರೆ ಅನ್‌ಅವೈಲಬಲ್‌ನಿಂದ ಎದ್ದು ಬಂದ ಸೆನ್ಸರ್ ಕೂಡ ಅದನ್ನು ಓಡಿಸುತ್ತೆ.

ಅಪ್‌ಟೈಮ್ ಏರುತ್ತಲೇ ಇದೆ, ಆದರೂ ಲೈಟ್ ಹತ್ತಿದೆ ಅಂದ್ರೆ ಎರಡು ಜಾಗ ಉಳೀತು. ಬಲ್ಬ್ ಕಂಪನಿಯ ಆ್ಯಪ್‌ನಲ್ಲಿ ಹಿಂದೆ ಯಾವಾಗಲೋ ಇಟ್ಟ ಶೆಡ್ಯೂಲ್ ಇದೆಯಾ ನೋಡಿ, ಮನೆಯಲ್ಲಿ ಅಲೆಕ್ಸಾ ಇದ್ದರೆ ಅದರ ವಾಯ್ಸ್ ಹಿಸ್ಟರಿನೂ ನೋಡಿ. ಮತ್ತೆ ಬಲ್ಬ್‌ಗೆ ನೇರವಾಗಿ ಬೈಂಡ್ ಮಾಡಿದ (ಜೋಡಿಸಿದ) ಜಿಗ್‌ಬೀ ರಿಮೋಟ್ ಸೋಫಾ ಸಂದಿಯಲ್ಲಿ ಬಿದ್ದಿದೆಯಾ ಹುಡುಕಿ, ಅದರ ಆಜ್ಞೆ ಹಬ್ ಮೂಲಕ ಹೋಗೋದೇ ಇಲ್ಲ. ಬಲ್ಬ್ ಯಾವುದು, ಜಿಗ್‌ಬೀನಾ ವೈಫೈನಾ ಅಂತ ತಿಳಿಸಿದರೆ ಇನ್ನೂ ನಿಖರವಾಗಿ ಹೇಳಬಹುದು.