ಪ್ರಶ್ನೋತ್ತರ: ಕುಡಿತ ಬಿಡಿಸುವ ಕೇಂದ್ರದ ಬಿಲ್ಲು ಯಾಕೆ ಏರಿತು?

ಪ್ರಶ್ನೆ: ನಮ್ಮ ಭಾವನನ್ನು ಎರಡನೇ ಸಲ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದೇವೆ. 2017ರಲ್ಲಿ ಕೊಟ್ಟದ್ದಕ್ಕಿಂತ ದುಪ್ಪಟ್ಟು ಕೇಳುತ್ತಿದ್ದಾರೆ. ಯಾಕೆ ಅಂದರೆ ‘ಲೈಸೆನ್ಸ್ ರೂಲ್ಸ್ ಬದಲಾಗಿದೆ’ ಅನ್ನುತ್ತಾರೆ. ಲೈಸೆನ್ಸಿಗೆ ಅಷ್ಟು ಖರ್ಚಾ? ಇನ್ಶೂರೆನ್ಸ್ ಸಿಗುತ್ತದಾ?
— ಓದುಗರು, ಬ್ರಹ್ಮಾವರ

ಉತ್ತರ: ಅವರು ಹೇಳಿದ್ದು ಅರ್ಧ ನಿಜ. 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಅದರಲ್ಲಿ ಕಾಯಿಲೆಯೇ. ಹಾಗಾಗಿ ಇಂಥ ಕೇಂದ್ರಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಆ ಫೀಸು ದೊಡ್ಡದಲ್ಲ. ದುಡ್ಡು ಹೋಗುವುದು ನೋಂದಣಿಗಾಗಿ ಇಟ್ಟುಕೊಳ್ಳಬೇಕಾದ ಸಿಬ್ಬಂದಿಯ ಸಂಬಳಕ್ಕೆ.

ಉಡುಪಿಯಲ್ಲಿ ಆಡಿಟರ್ ಆಗಿದ್ದಾಗ ಇಂಥದ್ದೇ ಸಣ್ಣ ಕೇಂದ್ರವೊಂದರ ಲೆಕ್ಕ ನಾನು ನೋಡುತ್ತಿದ್ದೆ. ಮೊದಲು ಒಬ್ಬ ವಾರ್ಡನ್, ಒಬ್ಬರು ಅಡುಗೆ ಭಟ್ಟರು, ಗೇಟಿಗೊಂದು ಬೀಗ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯೇ ಅರ್ಧ ಟ್ರೀಟ್‌ಮೆಂಟು! ಆಮೇಲೆ ಮನೋವೈದ್ಯರು, ನರ್ಸ್, ಕೌನ್ಸೆಲರ್ ಎಲ್ಲ ಬಂದರು. ಸುಮ್ನೆ ಒಂದು ಲೆಕ್ಕ ಹಾಕಿ. ಹಗಲು ರಾತ್ರಿ ಒಬ್ಬ ನರ್ಸ್ ಇರಬೇಕೆಂದರೆ ಮೂರು ಪಾಳಿ, ವಾರದ ರಜೆ ಸೇರಿ ನಾಲ್ಕು ಜನ. ತಲೆಗೆ 20,000 ಅಂದುಕೊಂಡರೂ ತಿಂಗಳಿಗೆ 80,000 ರೂಪಾಯಿ. 16 ಹಾಸಿಗೆಯೂ ತುಂಬಿದ್ದರೆ ಒಬ್ಬೊಬ್ಬರ ಮೇಲೆ 5,000. ಎಂಟೇ ಜನ ಇದ್ದರೆ 10,000. ಸಣ್ಣ ಕೇಂದ್ರಗಳು ಒದ್ದಾಡುವುದು ಇಲ್ಲೇ. ನಮ್ಮ ಆ ಕೇಂದ್ರದವರು ಮಳೆಗಾಲದಲ್ಲಿ ಖಾಲಿ ಹಾಸಿಗೆ ಎಣಿಸುತ್ತಾ ಕೂತಿದ್ದು ನನಗೆ ನೆನಪಿದೆ.

ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000ದವರೆಗೆ ದಂಡ. ಮತ್ತೆ ಮತ್ತೆ ಸಿಕ್ಕಿಬಿದ್ದರೆ 5 ಲಕ್ಷದವರೆಗೂ ಹೋಗುತ್ತದೆ. ಅಂಥವರ ಬಿಲ್ಲು ಕಡಿಮೆ ಇರಬಹುದು. ನನ್ನ ಮನೆಯವರನ್ನಂತೂ ನಾನು ಅಲ್ಲಿಗೆ ಕಳಿಸಲಾರೆ.

ಇನ್ನು ಇನ್ಶೂರೆನ್ಸ್. ದೇಹದ ಕಾಯಿಲೆಗೆ ಇದ್ದಂತೆ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಇಷ್ಟಕ್ಕೇ ಖುಷಿ ಪಡಬೇಡಿ. ಪಾಲಿಸಿಯ ಹಿಂದಿನ ಪುಟಗಳಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ‘ಎಕ್ಸ್‌ಕ್ಲೂಷನ್’ ಪಟ್ಟಿ, ಅಂದರೆ ಯಾವುದಕ್ಕೆಲ್ಲ ವಿಮೆ ಸಿಗುವುದಿಲ್ಲ ಅನ್ನುವ ಪಟ್ಟಿ ಇರುತ್ತದೆ. ಕೋಡ್ 12 ನೋಡಿ. ಮದ್ಯ, ಮಾದಕ ಚಟದ ಚಿಕಿತ್ಸೆಗೆ ಹಣ ಇಲ್ಲ ಅಂತ ಅಲ್ಲಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ, ಅಲ್ವಾ? ಭಾವನಿಗೆ ಖಿನ್ನತೆಯಂಥ ಬೇರೆ ಕಾಯಿಲೆಯೂ ಇದ್ದು ಅದಕ್ಕೂ ಚಿಕಿತ್ಸೆ ಕೊಟ್ಟಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ಬಿಡಿಸಿ ಬರೆದುಕೊಡಲು ಡಾಕ್ಟರಲ್ಲಿ ಕೇಳಿ. ಇಲ್ಲದ್ದನ್ನು ಬರೆಸಲು ಹೋಗಬೇಡಿ.

ಮುಂದಿನ ಸಲ ನೋಡಲು ಹೋದಾಗ ಯಾವ ಖರ್ಚು ಎಷ್ಟು ಅಂತ ಬಿಡಿಸಿದ ಬಿಲ್ಲು ಕೇಳಿ. ನೋಂದಣಿ ಸರ್ಟಿಫಿಕೇಟು ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿರಬೇಕು. ತಾತ್ಕಾಲಿಕ ನೋಂದಣಿಯಾದರೆ ಅದಕ್ಕೆ 12 ತಿಂಗಳ ಆಯುಷ್ಯ ಅಷ್ಟೇ. ತಾರೀಕು ನೋಡಿಕೊಂಡು ಬನ್ನಿ.